ಹಗ್ಗವ್ವನ ಡಬ್ಬಿಯ ಹಿಂಬದಿ

ಗಡವೀರರ ವಿಷಯ ಎತ್ತಿ ಸಂಜುವನ್ನು ಮಾತಾಡಿಸಿದವರು ಕೆಟ್ಟರು ಎಂದೇ ಲೆಕ್ಕ. ಪುಣೆಯ ನಿಗಡಿಯ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಹಗಲೆಲ್ಲ ಲಾರಿಗಳ ಕಾಗದಪತ್ರ ನೋಡಿಕೊಂಡಿರುವ, ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ನಲವತ್ತೊಂದರ ಆಸಾಮಿ ಅವನು. ಆದರೆ ಗಡವೀರ ಅನ್ನುವ ಶಬ್ದ ಕಿವಿಗೆ ಬಿತ್ತೋ, ಮುಗಿಯಿತು. ಕೈಯಲ್ಲಿನ ಚಹಾ ಆರಿ ಕೆನೆಗಟ್ಟಿದರೂ ಬಾಯಿ ನಿಲ್ಲುತ್ತಿರಲಿಲ್ಲ.

ಗಡವೀರ ಎಂದರೆ ಹನ್ನೆರಡು ಪ್ಲಾಸ್ಟಿಕ್ ಗೊಂಬೆಗಳು, ಹೆಬ್ಬೆರಳಿಗಿಂತ ತುಸು ಉದ್ದ. ದೀಪಾವಳಿಗೆ ಪುಣೆಯ ಮಕ್ಕಳು ಅಂಗಳದಲ್ಲಿ ಮಣ್ಣು ಕಲಸಿ ಕಿಲ್ಲೆ ಕಟ್ಟುತ್ತಾರಲ್ಲ, ಅದರ ಮೇಲೆ ನಿಲ್ಲಿಸಲೆಂದು ಮುಂಬೈ ಕಡೆಯ ಯಾವುದೋ ಕಂಪನಿ ಮೂವತ್ತೈದು ವರ್ಷದ ಹಿಂದೆ ಅವನ್ನು ಮಾಡಿತ್ತು. ಎರಡು ದೀಪಾವಳಿ ಮಾರಿತು, ಮೂರನೆಯದಕ್ಕೆ ಬಾಗಿಲು ಹಾಕಿಕೊಂಡಿತು. ಮಣ್ಣಿನ ಸಿಪಾಯಿಗಳ ಮಧ್ಯೆ ಒಂದೇ ಒಂದು ಗಡವೀರ ಇದ್ದರೂ ಆ ಕಿಲ್ಲೆಯ ಹುಡುಗ ಇಡೀ ವಾಡೆಗೆ ದೊಡ್ಡಮನುಷ್ಯ. ಸದಾಶಿವ ಪೇಠದ ವಾಡೆಯಲ್ಲಿ, ಹತ್ತಾರು ಸಂಸಾರಗಳ ಆ ವಠಾರದಲ್ಲಿ, ಎರಡು ಖೋಲಿ ಬಾಡಿಗೆ ಹಿಡಿದಿದ್ದ ವಿಜಯಪುರದ ಈರಬಸಪ್ಪ ಬಟ್ಟೆ ಅಂಗಡಿಯ ಗುಮಾಸ್ತ. ಅವನ ಮಗ ಸಂಜುವಿನ ಹತ್ತಿರ ಏಳಿದ್ದವು.

ಗೊಂಬೆಗಿಂತ ದೊಡ್ಡದು ಅವುಗಳ ಕಥೆ. ಪ್ರತಿ ಡಬ್ಬಿಯ ಹಿಂದೆ ಇಂಗ್ಲಿಷಿನಲ್ಲಿ ಏನೋ ಅಚ್ಚಾಗಿರುತ್ತಿತ್ತು. ತನ್ನ ಏಳು ಡಬ್ಬಿಯನ್ನೂ ವಾಡೆಯ ಗೆಳೆಯರಿಂದ ಕೇಳಿ ತಂದ ಉಳಿದ ಐದನ್ನೂ ಹಿಡಿದು ಬರುತ್ತಿದ್ದ ಆರು ವರ್ಷದ ಸಂಜುವಿಗೆ ಅದನ್ನು ಓದಿ ಹೇಳುತ್ತಿದ್ದವಳು ನಾಲ್ಕು ವರ್ಷ ದೊಡ್ಡವಳಾದ ಅಕ್ಕ ನೀತಾ. ಸೊಂಟಕ್ಕೆ ಹಗ್ಗ ಸುತ್ತಿಕೊಂಡ ಗೊಂಬೆ ಹಗ್ಗವ್ವ. ತನ್ನ ಕೂದಲಿನಿಂದಲೇ ಹಗ್ಗ ಹೊಸೆದವಳು. ಸಂಜೆ ಬಾಗಿಲು ಮುಚ್ಚಿದ ಮೇಲೆ ಕೋಟೆಯ ಹೊರಗೆ ಉಳಿದುಬಿಟ್ಟವರನ್ನು ಹೆಸರು ಕೇಳದೆ, ಜಾತಿ ಕೇಳದೆ ಮೇಲಕ್ಕೆ ಎಳೆದುಕೊಳ್ಳುವವಳು. ಬಾಯಿಯ ಹತ್ತಿರ ಕೈ ಇಟ್ಟುಕೊಂಡ ಗೊಂಬೆ ಮೌನಪ್ಪ, ಉತ್ತರ ಬಾಗಿಲಿನ ಕಾವಲುಗಾರ. ಹಗ್ಗವ್ವ ವೈರಿಗಳ ಕಡೆಯ ಅಳುವ ಹುಡುಗನನ್ನೂ ಎಳೆದುಕೊಂಡದ್ದನ್ನು ಅವನು ಕಣ್ಣಾರೆ ಕಂಡ. ಕಂಡೂ ರಾಜನ ಮುಂದೆ ಬಾಯಿ ಬಿಡಲಿಲ್ಲ.

ಡಬ್ಬಿಗಳನ್ನು ಎಲ್ಲರ ಮನೆಯಲ್ಲೂ ಎಸೆದಾಗಿತ್ತು. ಹಾಗಾಗಿ ಆರು ವರ್ಷದ ಹಿಂದೆ ಗಡವೀರರ ಹುಚ್ಚು ಹಿಡಿದವರೆಲ್ಲ ಸೇರಿ ವಾಟ್ಸಾಪ್ ಗುಂಪು ಕಟ್ಟಿದಾಗ, ಕಥೆಗಳು ನೆನಪಿದ್ದವನು ಸಂಜು ಒಬ್ಬನೇ. ಈಗ ಗುಂಪಿನಲ್ಲಿ ಎಂಟುನೂರು ಜನ. ಮೌನಪ್ಪ ಬಾಯಿ ಬಿಡದೆ ಇದ್ದದ್ದು ಹೆದರಿಕೆಯಿಂದಲೋ ಪ್ರೀತಿಯಿಂದಲೋ ಎಂದು ನಾಗಪುರದವರೂ ಇಂದೂರಿನವರೂ ಜಗಳಾಡುತ್ತಿದ್ದರು. ನಾಸಿಕದ ಒಬ್ಬ ಮಹಾನುಭಾವ ಹಗ್ಗವ್ವನನ್ನು ತೋಳಿನ ಮೇಲೆ ಹಚ್ಚೆ ಹಾಕಿಸಿಕೊಂಡಿದ್ದ. ಮುಂಬೈ ಕಡೆಯ ಕಂಪನಿ ತನ್ನ ಗೊಂಬೆಗೆ ಹಗ್ಗವ್ವ ಎಂದು ಕನ್ನಡದ ಹೆಸರಿಟ್ಟೀತೇ, ಅಷ್ಟು ಜನರಲ್ಲಿ ಒಬ್ಬನಾದರೂ ಯೋಚಿಸಬಾರದೇ? ಇಲ್ಲ. ಸಂಜುವೂ ಯೋಚಿಸಲಿಲ್ಲ. ಯಾರು ಏನು ಕೇಳಿದರೂ ಅವನದು ಒಂದೇ ಉತ್ತರ: ಡಬ್ಬಿಯ ಮೇಲೆ ಬರೆದಿತ್ತು, ನಮ್ಮಕ್ಕ ಓದಿದ್ದಾಳೆ.

ಈ ಸೋಮವಾರ ಗುಂಪಿನ ಪುಸ್ತಕ ಅಚ್ಚಿಗೆ ಹೋಗುವುದಿತ್ತು. ಹನ್ನೆರಡು ಗೊಂಬೆಗಳ ಫೋಟೋ, ಎದುರು ಪುಟದಲ್ಲಿ ಕಥೆ, ಮೊದಲ ಪುಟದಲ್ಲಿ ‘ಡಬ್ಬಿಯ ಮೂಲ ಕಥೆಗಳು, ಸಂಗ್ರಹ: ಸಂಜು’ ಎಂಬ ಸಾಲು. ಜೀವನದಲ್ಲಿ ಅವನ ಹೆಸರು ಮದುವೆಯ ಕರೆಯೋಲೆ ಬಿಟ್ಟರೆ ಬೇರೆಲ್ಲೂ ಅಚ್ಚಾದದ್ದಿಲ್ಲ. ಆ ಪುಟವನ್ನು ಹೆಂಡತಿಗೆ ಮೂರು ಸಲ ತೋರಿಸಿದ್ದ.

ಪುಸ್ತಕದ ಉಸ್ತುವಾರಿ ಮಿಥುನನದು. ಮಂಡ್ಯದ ಕಡೆಯ ಹುಡುಗ, ವಿಮಾನ ನಗರದ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ, ಗಡವೀರರ ಪರಿಚಯವಾದದ್ದೇ ಸಂಜುವಿನ ಕಥೆಗಳಿಂದ. ಶನಿವಾರ ಮಧ್ಯಾಹ್ನ ಅವನು ಸಂಜುವನ್ನು ತನ್ನ ಆಫೀಸಿನ ಕೆಳಗಿನ ಕಾಫಿ ಅಂಗಡಿಗೆ ಕರೆಸಿಕೊಂಡ. ಚೀಲದಿಂದ ಹನ್ನೆರಡು ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. ಒಂದರ ಅಂಟೂ ಬಿಚ್ಚಿರಲಿಲ್ಲ.

"ಕೊಲ್ಹಾಪುರದಲ್ಲಿ ಒಂದು ಹಳೇ ಅಂಗಡಿ ಅಟ್ಟದ ಮೇಲೆ ಸಿಕ್ತು ಅಣ್ಣ," ಅಂದ. "ಹಿಂದ್ಗಡೆ ಓದಿ."

ಸಂಜು ಓದಿದ. ಇಂಗ್ಲಿಷ್ ಸಾಲುಗಳು ಮೂರೇ. ನಂಬರ್ ಏಳು, ಹಗ್ಗ ಹಿಡಿದ ಸಿಪಾಯಿ. ಬೆಂಕಿಯಿಂದ ದೂರವಿಡಿ. ಬಣ್ಣದಲ್ಲಿ ವ್ಯತ್ಯಾಸವಿರಬಹುದು. ಇನ್ನೊಂದು ಡಬ್ಬಿ ಎತ್ತಿದ, ಮತ್ತೊಂದು ಎತ್ತಿದ. ಎಲ್ಲದರ ಮೇಲೂ ಬೆಂಕಿ, ಬಣ್ಣ. ಅಯ್ಯೋ, ಹಗ್ಗವ್ವ ಹೆಂಗಸೇ ಅಲ್ಲ! ತಲೆಯ ಹಿಂದಿನ ತುರುಬು ಅಂದುಕೊಂಡದ್ದು ಪೇಟದ ಗಂಟು.

"ಗ್ರೂಪಲ್ಲಿ ಯಾರಿಗೂ ಹೇಳಿಲ್ಲ ಅಣ್ಣ," ಮಿಥುನ ಮೆಲ್ಲಗೆ ಹೇಳಿದ. "ಆದ್ರೆ ಮೂಲ ಕಥೆ ಅಂತ ಪ್ರಿಂಟ್ ಮಾಡೋಕಾಗಲ್ಲ. ನಾಳೆ ಒಳಗೆ ನೀವೇ ಏನಾದ್ರೂ ಹೇಳಿ. ಬೇಕಾದ್ರೆ ಜಾಗ ಸಾಲ್ದು ಅಂತ ನಾನೇ ಕಥೆ ತೆಗೆದುಬಿಡ್ತೀನಿ. ಯಾರೂ ಕೇಳಲ್ಲ."

ಸಂಜು ಹಗ್ಗವ್ವನ ಡಬ್ಬಿಯ ಹಿಂಬದಿಯನ್ನು ಫೋನಿನಲ್ಲಿ ಫೋಟೋ ತೆಗೆದುಕೊಂಡ. ಕಥೆ ಹೋದರೆ ಮಾನ ಉಳಿಯುತ್ತದೆ. ಕಥೆ ಉಳಿಯಬೇಕೆಂದರೆ ಎಂಟುನೂರು ಜನರ ಮುಂದೆ ತಾನು ಆರು ವರ್ಷ ಸುಳ್ಳು ಹೇಳಿದವನಾಗಬೇಕು. ಕಾಫಿ ಮುಟ್ಟದೆ ಎದ್ದು, ಸ್ಕೂಟರ್ ಹತ್ತಿ ನೇರ ಸದಾಶಿವ ಪೇಠಕ್ಕೆ ಹೊಡೆದ.

ವಾಡೆ ಇದ್ದ ಜಾಗದ ಎದುರಿನ ಗಲ್ಲಿಯಲ್ಲೇ ನೀತಾಳ ಅಂಗಡಿ. ಸೀರೆಗೆ ಫಾಲ್, ಪಿಕೋ ಮಾಡಿಕೊಡುತ್ತಾಳೆ. ಬಾಗಿಲಲ್ಲಿ ನಿಂತಿದ್ದ ಹೆಂಗಸಿಗೆ "ಉದ್ಯಾ ಯಾ, ಉದ್ಯಾ ನಕ್ಕೀ," ಎಂದು ನಾಳೆಗೆ ಸಾಗಹಾಕಿ ತಮ್ಮನ ಕಡೆ ತಿರುಗಿದಳು.

"ಯಾಕೋ, ಮಾರಿ ಹಿಂಗ್ಯಾಕ ಆಗ್ಯದ? ಚಾ ಕುಡೀತಿ?"

"ಚಾ ಬ್ಯಾಡ. ಗಡವೀರದ ಡಬ್ಬಿ ಮ್ಯಾಲಿಂದು ಓದಿ ಹೇಳ್ತಿದ್ದಿ ಅಲ್ಲ, ಅದು ಖರೇನೋ ಸುಳ್ಳೋ?"

ಹೊಲಿಗೆ ಯಂತ್ರ ನಿಂತಿತು.

"ಯಾರ್ ಹೇಳಿದ್ರು ನಿನಗ?" ಅಂದಳು ನೀತಾ.

ಆ ಒಂದು ಪ್ರಶ್ನೆಯಲ್ಲೇ ಉತ್ತರ ಸಿಕ್ಕಿತು. ಸಂಜುವಿನ ಪಿತ್ತ ನೆತ್ತಿಗೇರಿತು. "ಎಂಟುನೂರು ಮಂದಿ ಮುಂದ ನನ್ನ ಮಾನ ಹೋಗತದ ಅಕ್ಕಾ! ನಮ್ಮಕ್ಕ ಓದ್ಯಾಳ, ನಮ್ಮಕ್ಕ ಓದ್ಯಾಳ ಅಂತ ಎದಿ ತಟ್ಟಿ ಹೇಳ್ಕೋತ ಬಂದೀನಿ. ಇದ್ದದ್ದು ಮೂರು ಸಾಲು. ಅಷ್ಟು ಓದಾಕ ಏನಾಗಿತ್ತು ನಿನಗ?"

"ಓದಾಕ ಬರ್ತಿದ್ದಿಲ್ಲೋ!"

ಗಲ್ಲಿಯವರಿಗೆ ಕೇಳದಿರಲೆಂದು ಸಂಜು ಬಾಗಿಲು ಮುಂದೆ ಮಾಡಿದ.

"ಮರಾಠಿ ಸಾಲಿಯೊಳಗ ಆಗ ಇಂಗ್ಲಿಷ್ ಸುರು ಆಗ್ತಿದ್ದದ್ದ ಐದನೇಕ್ಕ," ನೀತಾ ದನಿ ತಗ್ಗಿಸಿದಳು. "ಜೂನದಾಗ ಎ ಬಿ ಸಿ ಡಿ ಹೇಳಿಕೊಟ್ಟಿದ್ರು, ದೀಪಾವಳಿಗೆ ನೀ ಡಬ್ಬಿ ಹಿಡಕೊಂಡು ಬಂದಿ. ಅಷ್ಟರಾಗ ವಾಡೆ ತುಂಬ ಸಾರಿ ಬಂದಿದ್ದಿ, ನಮ್ಮಕ್ಕ ಇಂಗ್ಲಿಷ್ ಓದ್ತಾಳ ಅಂತ. ವಾಡೆ ಮಾಲಕರ ಮನಿ ಸಾವಿತ್ರಿಬಾಯಿ ಸೈತ ನೋಡ್ಕೋತ ನಿಂತಿದ್ರು. ಬರಂಗಿಲ್ಲ ಅಂತ ಹೆಂಗ ಹೇಳ್ಲಿ? ಬೆರಳು ಸಾಲಿನ ಮ್ಯಾಲ ಇಟ್ಟೆ. ಬಾಯಿಗೆ ಬಂದದ್ದು ಹೇಳಿದೆ."

ಅಕ್ಕನ ಬೆರಳು ಸಾಲಿನ ಮೇಲೆ ಸರಿಯುತ್ತಿದ್ದದ್ದು ಸಂಜುವಿಗೆ ಕಣ್ಣಿಗೆ ಕಟ್ಟಿತು. ಮೂರು ಸಾಲಿನ ಮೇಲೆ ಅರ್ಧ ಗಂಟೆ ಸರಿಯುತ್ತಿತ್ತಲ್ಲ ಆ ಬೆರಳು! ಅದು ಆಗ ಹೊಳೆಯದಿದ್ದರೆ ಹೋಗಲಿ, ಆರು ವರ್ಷದ ಹುಡುಗ. ನಲವತ್ತೊಂದಾದರೂ ಹೊಳೆಯಲಿಲ್ಲವಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು.

ನೀತಾ ಯಂತ್ರದ ಮೇಲಿನ ಸೀರೆಯನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಕಡೆಗೆ ತಲೆ ಎತ್ತದೆ ಕೇಳಿದಳು. "ಖರೇ ಏನ್ ಬರದದ ಅದರ ಮ್ಯಾಲ?"

ಸಂಜು ಫೋನಿನಲ್ಲಿ ತೆಗೆದುಕೊಂಡ ಫೋಟೋ ತೋರಿಸಿದ. ಅವಳು ಕನ್ನಡಕ ಹಾಕಿಕೊಂಡು, ತುಟಿ ಅಲ್ಲಾಡಿಸುತ್ತ, ಒಂದೊಂದೇ ಶಬ್ದ ಓದಿದಳು. ಈಗ ಓದಲು ಬರುತ್ತಿತ್ತು.

"ಮುಂದ?"

"ಮುಂದ ಏನಿಲ್ಲ. ಅಷ್ಟ."

"ಹನ್ನೆರಡರ ಮ್ಯಾಲೂ?"

"ಹನ್ನೆರಡರ ಮ್ಯಾಲೂ."

ನೀತಾ ನಕ್ಕಳು. ನಗುತ್ತ ನಗುತ್ತಲೇ ಸೆರಗು ಕಣ್ಣಿಗೆ ಹೋಯಿತು.

"ಮೂವತ್ತೈದು ವರ್ಷ ಆತೋ ಸಂಜ್ಯಾ," ಅಂದಳು. "ಡಬ್ಬಿ ಮ್ಯಾಲ ಎಂಥಾ ಚಲೋ ಕಥಿ ಇತ್ತೋ ಏನೋ, ನನಗ ಓದಾಕ ಬರದಿದ್ದಕ್ಕ ಕೂಸಿಗೆ ಅದು ಸಿಗದಂಗ ಆತು ಅಂತ ಒಳಗೊಳಗ ಸುಡ್ತಿತ್ತು. ಒಂಬತ್ತನೇದಾಗ ಇಂಗ್ಲಿಷ್ ಓದಾಕ ಬಂತು ನೋಡು, ಓಡಿ ಹೋಗಿ ಡಬ್ಬಿ ಹುಡುಕಿದೆ. ಅವ್ವ ಯಾವಾಗೋ ಒಲಿಗೆ ಹಾಕಿಬಿಟ್ಟಿದ್ಲು. ಅವತ್ತು ಭಾಳ ಅತ್ತೆ. ನಿನಗ ಗೊತ್ತಿಲ್ಲ. ನಿನಗ ಹೆಂಗ ಹೇಳ್ಲಿ?"

ಸಂಜು ಗಿರಾಕಿಗಳ ಸ್ಟೂಲಿನ ಮೇಲೆ ಕೂತುಬಿಟ್ಟ. ಬರುವಾಗ ತಂದಿದ್ದ ಸಿಟ್ಟು ಎಲ್ಲಿ ಹೋಯಿತೋ. ಮಾನ ಮಾನ ಎಂದು ಅಷ್ಟು ದೂರದಿಂದ ಸ್ಕೂಟರ್ ಓಡಿಸಿಕೊಂಡು ಬಂದು ಈಕೆಯ ಮೇಲೆ ಕೂಗಾಡಿದೆನಲ್ಲ ಎಂದು ನಾಚಿಕೆಯಾಯಿತು. ಈ ಹೆಂಗಸಿನ ಮುಂದೆ ಅವನ ಆರು ವರ್ಷದ ದೊಡ್ಡಸ್ತಿಕೆ ಯಾವ ಲೆಕ್ಕ? ಫೋನ್ ಎತ್ತಿ ಮಿಥುನನಿಗೆ ಹಚ್ಚಿದ. ಅಕ್ಕನಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದ.

"ಕಥಿ ತೆಗೀಬ್ಯಾಡ್ರಿ ಮಿಥುನ. ಡಬ್ಬಿದಲ್ಲ ಅವು, ನಮ್ಮಕ್ಕಂದು. ಹತ್ತು ವರ್ಷದಾಕಿದ್ದಾಗ ತಾನ ಕಟ್ಟಿ ಹೇಳ್ಯಾಳ. ನನಗ ಇವತ್ತ ಗೊತ್ತಾತು. ಇದನ್ನ ಗ್ರೂಪಿನ್ಯಾಗ ಈಗ ನಾನ ಬರೀತೀನಿ."

"ಹಗ್ಗವ್ವ... ಅಕ್ಕಂದಾ?" ಅಂದ ಮಿಥುನ. "ಅಣ್ಣ, ಆ ಬಾಕ್ಸ್ ಓದಿದಾಗಿಂದ ನಂಗೆ ಊಟ ಸೇರಿಲ್ಲ, ಹಗ್ಗವ್ವ ಇಲ್ವೇ ಇಲ್ವಲ್ಲಾ ಅಂತ. ಇದ್ದಾಳೆ ಬಿಡಿ ಹಾಗಾದ್ರೆ. ಆದ್ರೆ ಗ್ರೂಪಲ್ಲಿ ನಿಮ್ಮನ್ನ ಸುಮ್ನೆ ಬಿಡಲ್ಲ."

"ಬೈಯ್ಲಿ ಬಿಡ್ರಿ, ಬೈಸ್ಕೋತೀನಿ. ಮೊದಲನೇ ಪೇಜಿನ್ಯಾಗ ನನ್ನ ಹೆಸರು ತೆಗೀರಿ."

"ಅಕ್ಕನ ಹೆಸರು ಹೇಗೆ ಹಾಕ್ಲಿ?"

"ಕಥಿ ಹೇಳಿದಾಕಿ ನೀತಾ ಈರಬಸಪ್ಪ, ಐದನೇ ಇಯತ್ತೆ ಅಂತ ಹಾಕ್ರಿ."

ನೀತಾ ಕಣ್ಣೊರೆಸಿಕೊಂಡು ಫೋನಿನ ಹತ್ತಿರ ಬಾಗಿದಳು.

"ಇಂಗ್ಲಿಷಿನ್ಯಾಗ ನಾಪಾಸ್ ಅಂತನೂ ಹಾಕ್ರಿ ತಮ್ಮಾ," ಅಂದಳು. "ಈ ಸಲ ಎಲ್ಲಾ ಖರೇನ ಇರ್ಲಿ."