ಇಳಿಸಿಕೊಂಡವರು ಏಳು ಮಂದಿ

ಹಗರಿಬೊಮ್ಮನಹಳ್ಳಿಯ ಅಸ್ಮಾ ಬರೆದ ‘ಓದುಗ’ ಎಂಬ ತಂತ್ರಾಂಶ, ಕಣ್ಣು ಕಾಣದವರಿಗೆ ಕನ್ನಡ ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಅದು ಇರುವುದು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ. ಆ ಭಾಷೆಯ 3.8ನೇ ಆವೃತ್ತಿಯ ಅಧಿಕೃತ ನಿರ್ವಹಣೆ 2024ರ ಅಕ್ಟೋಬರಿನಲ್ಲೇ ನಿಂತಿತ್ತು. 3.8ರಲ್ಲಿ ನಡೆಯುವ ಹಳೆಯ ಓದುಗಕ್ಕೊಮ್ಮೆ, ಹೊಸದಕ್ಕೊಮ್ಮೆ ಎಂದು ಪ್ರತಿ ತಿದ್ದುಪಡಿಯನ್ನೂ ಎರಡು ಸಲ ಬರೆದು ಅಸ್ಮಾಳಿಗೆ ಸಾಕಾಗಿತ್ತು. ಅಂಕಿ ತೆಗೆದು ನೋಡಿದಳು. ಆರು ತಿಂಗಳಲ್ಲಿ ಹೊಸದನ್ನು ಇಳಿಸಿಕೊಂಡವರು ಎರಡು ಸಾವಿರದ ನೂರು, ಹಳೆಯದನ್ನು ಏಳು. ಸೋಮವಾರ ಹಳೆಯದನ್ನು ಜಾಲತಾಣದ ಪುಟದಿಂದ ತೆಗೆದುಹಾಕಿದಳು.

ಗುರುವಾರ ಬೆಳಿಗ್ಗೆ ಕೂಡ್ಲಿಗಿಯ ಕಂಪ್ಯೂಟರ್ ಮೆಕ್ಯಾನಿಕ್ ಮಾರೇಶ್ ಬಾಗಿಲಿಗೆ ಬಂದ.

“ಅಸ್ಮಕ್ಕ, ನಿಮ್ಮ ಓದುಗ ಬಾಯಿ ಬಿಡವಲ್ದು. ಹಲವಾಗಲು ಪಂಚಾಯ್ತಿ ಗುಮಾಸ್ತ ಗುರುಮೂರ್ತಿ ಮಂಗಳವಾರದಿಂದ ಸುಮ್ನ ಕುಂತಾರ. ಭಾನುವಾರ ಅವರಿಗೆ ಬಡ್ತಿ ಪರೀಕ್ಷಿ ಐತಿ.”

“ಯಾವ ಕಂಪ್ಯೂಟರ್?”

“ವಿಂಡೋಸ್ ಏಳು.”

ಅದರಲ್ಲಿ ಪೈಥಾನ್ 3.8ಕ್ಕಿಂತ ಹೊಸದು ನಡೆಯುವುದಿಲ್ಲ, ಹಾಗಾಗಿ ಹೊಸ ಓದುಗವೂ.

“ಹಳೇದನ್ನ ಏಳೇ ಮಂದಿ ಇಳಿಸ್ಕೊಂಡಿದ್ರಲ್ಲಪ್ಪ.”

“ಆ ಏಳೂ ನಾನ ರೀ. ತಿಂಗಳಿಗೊಮ್ಮಿ ಇಳಿಸ್ಕೊಂಡು, ಪೆನ್‌ಡ್ರೈವ್‌ನ್ಯಾಗ ಹಾಕ್ಕೊಂಡು ಬೈಕ್ ಹತ್ತತೀನಿ. ಒಂದ್ಸಲ ಪೆನ್‌ಡ್ರೈವ್ ಕಳೀತು, ಅದು ಏಳನೇದು. ಹಳ್ಳಿ ನೆಟ್ ನಂಬಿ ಕುಂತ್ರ ಗಡ್ಡ ಬೆಳಿತೈತಿ.”

“ಎಷ್ಟು ಕಂಪ್ಯೂಟರಿಗೆ ಹಾಕೀದಿ?”

“ಐದು ತಾಲೂಕಿನ್ಯಾಗ ನೂರ ಹದಿನೆಂಟು.”

ಅಸ್ಮಾ ಅಂಕಿಯ ಪುಟವನ್ನು ಮತ್ತೆ ತೆರೆದಳು. ನೂರ ಹದಿನೆಂಟು. ಪರದೆಯ ಮೇಲೆ ಏಳು ಎಂದೇ ಇತ್ತು.

“ಈ ಸುತ್ತಿನ್ಯಾಗ ಎಷ್ಟು ಮುಗಿಸೀದಿ?”

“ಹದಿನಾರು. ಪುಟದಾಗ ಹೊಸಾದೊಂದ ಇತ್ತು, ಹಳೇದು ಅಳಿಸಿ ಅದನ್ನ ಕುಂದ್ರಿಸೀನಿ.”

“ಮಾತಾಡ್ತಾವೋ ಇಲ್ಲೋ ನೋಡಿದೆಯಾ?”

“ನೀವು ಮಾಡಿದ್ದು ಅಂದ್ಮ್ಯಾಗ ನೋಡೋದೇನೈತಿ ಅಂತ ಬಿಟ್ಟೆ.”

ಹಳೆಯ ಓದುಗದ ಮೂಲಪಠ್ಯ ಅಸ್ಮಾಳಲ್ಲೇ ಉಳಿದಿತ್ತು. ಮಧ್ಯಾಹ್ನದೊಳಗೆ ಅದನ್ನು ಮತ್ತೆ ಜೋಡಿಸಿ, ಪುಟದಲ್ಲಿ ಹಾಕಿ, ವಿಂಡೋಸ್ ಏಳು ಇದ್ದ ಮಾರೇಶನ ಹಳೆಯ ಲ್ಯಾಪ್‌ಟಾಪಿನಲ್ಲಿ ಎರಡು ಸಲ ಓದಿಸಿ ನೋಡಿದಳು. ಆಮೇಲೆ ಗುರುಮೂರ್ತಿಗೆ ಫೋನ್ ಮಾಡಿ, ಏಳೇ ಮಂದಿ ಎಂದು ಹಳೆಯದನ್ನು ತೆಗೆದದ್ದನ್ನು ಹೇಳಿ, ತಪ್ಪು ತನ್ನದೇ ಎಂದಳು.

ಆತ ರೇಗಲಿಲ್ಲ. “ಏಳೇ ಮಂದಿ ಅಂತ ತಿಳ್ಕೊಂಡಿದ್ರಿ. ಆ ಏಳು ಮಂದಿಗಾದ್ರೂ ಒಂದು ಮಾತು ಕೇಳಬೇಕಿತ್ತಲ್ರಿ, ತಾಯಿ.”

ಅಸ್ಮಾ ಮಾರೇಶನಿಂದ ಹದಿನಾರು ವಿಳಾಸಗಳನ್ನು ಬರೆಸಿಕೊಂಡು ಹಾಳೆಯನ್ನು ಎರಡಾಗಿ ಹರಿದಳು. ಎಂಟು ಮಾರೇಶನಿಗೆ, ಎಂಟು ತನಗೆ. ಸ್ಕೂಟರ್ ಹೊರತೆಗೆದು ಮೊದಲು ಹಲವಾಗಲಿಗೆ ಹೊರಟಳು.