ಕರೀಮಸಾಬರ ಹೊಲದ ಹಕ್ಕಲು

ಹಿರೇಬೆಂಡಿಗೇರಿಯ ಬುದ್ಧವಿಹಾರವೆಂದರೆ ಒಂದೇ ಕೋಣೆ. ಭಾನುವಾರ ಮುಂಜಾನೆ ಅಲ್ಲಿ ಸಮತಾ ಓಣಿಯ ಹೆಣ್ಣುಮಕ್ಕಳಿಗೆ ಪಂಚಶೀಲದ ಪಾಠ ಹೇಳುತ್ತಿದ್ದಳು. ಕಲಬುರಗಿಯಲ್ಲೊಂದು ಶಿಬಿರ ಮುಗಿಸಿ ಬಂದ ಮೇಲೆ ಅವಳಿಗೆ ತಡವರಿಸುವುದೇ ಮರೆತುಹೋಗಿತ್ತು. ಕೇಳುವವರು ಕೇಳಿ ಮುಗಿಸುವ ಮೊದಲೇ ಉತ್ತರ ತಯಾರು. ವಯಸ್ಸು ಅಂಥದ್ದು, ಬಿಡಿ.

ಅವತ್ತು ಎರಡನೆಯ ಶೀಲ. ಕೊಡದೆ ಇದ್ದದ್ದನ್ನು ತೆಗೆದುಕೊಳ್ಳಬಾರದು ಎಂದು ಅವಳು ವಿವರಿಸುತ್ತಿದ್ದಾಗ ಗೋಡೆಗೆ ಒರಗಿ ಕೂತಿದ್ದ ಗುತ್ತೆವ್ವ ಕೈ ಎತ್ತಿದಳು. ಓಣಿಗೆಲ್ಲ ಹಿರಿಯಳು, ಎಲ್ಲರ ಪಾಲಿಗೂ ಆಯಿ.

"ಹಂಗಾರ ಹಕ್ಕಲ ಆರಿಸೂದು?"

ಸುಗ್ಗಿ ಮುಗಿದ ಹೊಲದಲ್ಲಿ ಉದುರಿದ ತೆನೆಯನ್ನೋ, ಮಣ್ಣಲ್ಲಿ ಸಿಕ್ಕಿಕೊಂಡ ಶೇಂಗಾವನ್ನೋ ಇಲ್ಲದವರು ಆರಿಸಿಕೊಳ್ಳುವುದೇ ಹಕ್ಕಲು. ಈ ಓಣಿಯವರದು ಕರೀಮಸಾಬರ ಶೇಂಗಾದ ಹೊಲ. ಹಿರಿಯಳು ಮೊದಲು ಇಳಿಯಬೇಕು, ಆಮೇಲೆ ಉಳಿದವರು, ಅದು ರೂಢಿ. ಬೆನ್ನು ಬಾಗಿ ಕೂಲಿ ಬಿಟ್ಟ ಮೇಲೆ ಗುತ್ತೆವ್ವನ ಸ್ವಂತ ದುಡಿಮೆ ಅಂತ ಉಳಿದದ್ದೇ ಅದು. ಮನೆಯಲ್ಲಿ ವರ್ಷವಿಡೀ ಉಣ್ಣುವ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ತನ್ನ ಹಕ್ಕಲಿನದು ಎಂದು ಅವಳಿಗೆ ಭಾರೀ ಹೆಮ್ಮೆ.

"ಹೊಲದವ್ರನ್ನ ಕೇಳತೀರೇನು?" ಎಂದಳು ಸಮತಾ.

"ಅದನ್ಯಾರು ಕೇಳತಾರ?"

"ಕೇಳದ ತಗೊಂಡ್ರ ಅದೂ ಕಳವ, ಆಯಿ."

ಗುತ್ತೆವ್ವ ಕೈ ಇಳಿಸಿದಳು. ಪಾಠ ನಾಟಿತು ಅಂದುಕೊಂಡು ಸಮತಾ ಖುಷಿಯಿಂದಲೇ ಮನೆಗೆ ಹೋದಳು.

ಆ ವಾರ ಕರೀಮಸಾಬರ ಹೊಲದಲ್ಲಿ ಶೇಂಗಾ ಕಿತ್ತು ಮುಗಿಯಿತು. ಗುತ್ತೆವ್ವ ಹಿಡಿದದ್ದನ್ನು ಬಿಡುವವಳಲ್ಲ. ನೇರ ಅವರ ಕಣಕ್ಕೇ ಹೋಗಿ ನಿಂತಳು.

"ಸಾಹೇಬ್ರ, ನಿಮ್ಮ ಹೊಲದಾಗ ಹಕ್ಕಲ ಆರಿಸಿಕೊಳ್ಳಲೇನ್ರಿ?"

ಬಳ್ಳಿ ಒಟ್ಟುತ್ತಿದ್ದ ಕರೀಮಸಾಬರು ಕೈಯಲ್ಲಿದ್ದ ಹೊರೆ ಕೆಳಗೆ ಹಾಕಿ ಅವಳನ್ನೇ ನೋಡಿದರು. ಮುಖ ಕೆಂಪಾಯಿತು. "ಇದನ್ನ ನನಗ ಕೇಳಬ್ಯಾಡ, ನಡಿ," ಎಂದು ತಿರುಗಿಬಿಟ್ಟರು.

ಗುತ್ತೆವ್ವ ಮನೆಗೆ ಬಂದು ಮಣ್ಣು ಕೆದಕುವ ಕುರ್ಚಿಗಿಯನ್ನು ಮೂಲೆಗಿಟ್ಟಳು. ಹಿರಿಯಳೇ ಇಳಿಯಲಿಲ್ಲ ಅಂದಮೇಲೆ ಯಾರೂ ಇಳಿಯಲಿಲ್ಲ. ಮುಂದಿನ ಭಾನುವಾರ ಅವಳು ವಿಹಾರಕ್ಕೂ ಬರಲಿಲ್ಲ. ಸಮತಾ ಕಾರಣ ಕೇಳಿದ್ದಕ್ಕೆ ಆಯಿಯ ಪಕ್ಕದ ಮನೆಯ ನೀಲಾಂಬಿಕಾ ನಡೆದದ್ದನ್ನೆಲ್ಲ ಹೇಳಿ, "ನಿನ್ನ ಪಾಠ ಛಲೋ ಆತು ನೋಡವ್ವಾ," ಎಂದು ಕುಟುಕಿದಳು. "ಆಯಿ ಮಾತಾಡೂದ ಬಿಟ್ಟಾಳ. ಉಣ್ಣಾಕ ಕುಂತ್ರ ಹಿಂಡಿ ಮುಟ್ಟವಲ್ಲಳು."

ಸಮತಾಗೆ ಸಿಟ್ಟು ನೆತ್ತಿಗೇರಿತು. ಸಿಟ್ಟೆಲ್ಲ ಕರೀಮಸಾಬರ ಮೇಲೆಯೇ. ತನ್ನ ಮೇಲೆ ಬರಲು ಇನ್ನೂ ಸ್ವಲ್ಪ ಹೊತ್ತಿತ್ತು. ದಾರಿಯುದ್ದಕ್ಕೂ ಒಂದು ಭಾಷಣ ಜೋಡಿಸಿಕೊಂಡು ಹೋದಳು. ಕರೀಮಸಾಬರು ಅಂಗಳದಲ್ಲಿ ಬೇವಿನ ನೆರಳಿಗೆ ಕೂತಿದ್ದರು. ಮಗ ಅಸದ ಮುಖ ಊದಿಸಿಕೊಂಡು ಕುಂಟೆಗೆ ಹಗ್ಗ ಬಿಗಿಯುತ್ತಿದ್ದ.

"ಕಾಕಾ, ಬಡವ್ರು ನಾಕು ಕಾಯಿ ಆರಿಸಿಕೊಂಡ್ರ ನಿಮ್ಮ ಗಂಟೇನು ಹೋಗತಿತ್ತು?"

"ನಾನೂ ಅದನ್ನ ಕೇಳಬೇಕಂತ ಇದ್ದೆ," ಎಂದರು ಕರೀಮಸಾಬರು. "ಯಾಕ ಬರವಲ್ರಿ ನೀವು? ಹೊಲದಾಗ ಹಸಿ ಆರಾಕತ್ತೇತಿ. ನಿಮ್ಮ ಹಕ್ಕಲ ಮುಗೀದ ನಾ ಹೆಂಗ ಕುಂಟಿ ಹೊಡೀಲಿ? ಜ್ವಾಳ ಬಿತ್ತೂದು ತಡಾ ಆತಂತ ಇಂವ ದಿನಾ ನನ್ನ ಜೋಡಿ ಜಗಳಾಡಾಕತ್ತಾನ."

ಸಮತಾ ಗಲಿಬಿಲಿಗೊಂಡಳು. "ಆಯಿ ಬಂದು ಕೇಳಿದ್ಲಲ್ಲ. ನೀವು ಬೈದು ಕಳಿಸಿದ್ರಂತ..."

"ಕೇಳಬ್ಯಾಡ ಅಂದೆ. ಬರಬ್ಯಾಡ ಅಂದ್ನೇನು? ಇವತ್ತ ಆಕಿ ಕೇಳಿ, ನಾ ಹ್ಞೂಂ ಅಂದ್ರ, ನಾಳೆ ಇವಗ ಊಹೂಂ ಅನ್ನಾಕ ದಾರಿ ಆಕ್ಕೇತಿ." ಅವರು ಮಗನ ಕಡೆ ಗದ್ದ ಎತ್ತಿದರು. "ರಾಶಿ ಮನಿಗೆ ಬಂದ ಮ್ಯಾಲೆ ಮಣ್ಣಾಗ ಉಳದದ್ದು ನಂದಲ್ಲ. ನಂದಲ್ಲದ್ದನ್ನ ನಾ ಹೆಂಗ ಕೊಡ್ಲಿ, ತಂಗಿ? ಇಷ್ಟ ವರ್ಷ ಬಂದಾಕಿ ನನ್ನ ಮುಂದ ಕೈ ಒಡ್ಡಿ ನಿಂತ್ಲಲ್ಲ, ನನಗ ಭಾಳ ಕೆಟ್ಟನಿಸ್ತು."

ಜೋಡಿಸಿಕೊಂಡು ಬಂದ ಭಾಷಣ ಯಾತಕ್ಕೂ ಬಾರದಾಯಿತು. ನಾಚಿಕೆಯಿಂದ ಸಮತಾಳ ಕಿವಿ ಬಿಸಿಯಾಯಿತು. ಕೊಡುವುದೆಂದರೆ ಕೈಯಿಂದ ಕೈಗೆ ಕೊಡುವುದು ಅಂತಲೇ ಅವಳು ತಿಳಿದಿದ್ದಳು. ಇಡೀ ಊರು ಕೂಡಿ ಯಾವತ್ತೋ ಕೊಟ್ಟಿಟ್ಟದ್ದೂ ಇರುತ್ತದೆ ಎಂದು ಹೊಳೆದಿರಲಿಲ್ಲ. ಉತ್ತರ ಕೊಡುವ ಮೊದಲು ಹಕ್ಕಲು ಹೇಗೆ ನಡೆದು ಬಂದಿದೆ ಎಂದು ಒಂದು ಮಾತು ಕೇಳಬಹುದಿತ್ತು.

"ತಪ್ಪು ನಂದು, ಕಾಕಾ. ಕೇಳದ ತಗೊಂಡ್ರ ಕಳವು ಅಂತ ನಾನ ಹೇಳಿದ್ದೆ."

"ಅದನ್ನ ನನ್ನ ಮುಂದ ಹೇಳಿ ಏನಾಕ್ಕೇತಿ? ಆಕಿ ಮುಂದ ಹೇಳು. ನಾಳೆ ಒಂದಿನ ಕಾಯ್ತೇನಿ, ಆಮ್ಯಾಲೆ ಕುಂಟಿ ಹೂಡಾಂವ."

ಗುತ್ತೆವ್ವ ಮನೆಯ ಕಟ್ಟೆಯ ಮೇಲೆ ಕೂತಿದ್ದಳು. ಸಮತಾ ಅವಳ ಕಾಲ ಬಳಿ ನೆಲದಲ್ಲೇ ಕೂತು, ಕರೀಮಸಾಬರು ಅಂದದ್ದನ್ನು ಒಂದೂ ಬಿಡದೆ ಹೇಳಿದಳು. "ಅದು ಕಳವಲ್ಲ, ಆಯಿ. ನಾ ತಿಳೀದ ಹೇಳಿದೆ. ನಾಳೆ ನೀ ಮೊದಲು ಇಳಿ, ನಿನ್ನ ಹಿಂದ ನಾನೂ ಬರ್ತೇನಿ."



"ನಂದು ಹೋಗ್ಲಿ," ಎಂದಳು ಗುತ್ತೆವ್ವ. "ನಮ್ಮಪ್ಪ ಸತ್ತ ಮ್ಯಾಲೆ ನಮ್ಮವ್ವ ಊರೂರು ತಿರುಗಿ ಹಕ್ಕಲ ಆರಿಸಿ ನಮ್ಮನ್ನ ಸಾಕಿದ್ಲು. ನೀ ಹಂಗ ಅಂದಾಗಿಂದ ಆಕಿ ಹೆಸರ ಹೇಳಾಕ ನನಗ ಬಾಯಿ ಬರವಲ್ದು. ಆಕಿ ಕಳ್ಳಿ ಅಲ್ಲ, ಹೌದಲ್ಲ?"

ಸಮತಾಳ ಕಣ್ಣು ತುಂಬಿ ಬಂತು. ಒಂದೇ ಮಾತಿನಿಂದ ಸತ್ತವಳನ್ನೂ ಕಳ್ಳಿ ಮಾಡಿದ್ದೆನಲ್ಲ ಎಂದು ಆಗ ತಿಳಿಯಿತು.

"ಅಲ್ಲ, ಆಯಿ."

"ಇನ್ನೊಮ್ಮೆ ಅನ್ನು."

"ಅಲ್ಲ. ಆಕಿ ಕಳ್ಳಿ ಅಲ್ಲ."

ಗುತ್ತೆವ್ವ ಸೆರಗನ್ನು ಮುಖಕ್ಕೆ ಒತ್ತಿಕೊಂಡು, "ಯವ್ವಾ," ಎಂದು ಕರೆದು ಅತ್ತಳು.