ಕರಪತ್ರದ ಕೊನೆಗೆ ಟ್ಯಾಂಕು

ಗುತ್ತೂರಿನ ಬಳಿಯ ಒಂದು ಕಾರ್ಖಾನೆಯಲ್ಲಿ ವಾಚ್‌ಮನ್ ಆಗಿದ್ದ ಹುಲಿಯಪ್ಪನನ್ನು ಮನೆಗೆ ಕಳಿಸಲು ಮ್ಯಾನೇಜರ್ ನಾಗರಾಜಪ್ಪ ಬರೆದದ್ದು ಒಂದೇ ವಾಕ್ಯ: 'ಇಪ್ಪತ್ತೆರಡು ವರ್ಷ ಪ್ರಾಮಾಣಿಕವಾಗಿ ದುಡಿದಿದ್ದರೂ, ಜ್ವರವಿತ್ತೆಂದು ಹೇಳಿದರೂ, ಈತ ಗೇಟಿನಲ್ಲಿ ನಿದ್ದೆ ಮಾಡಿದ್ದಾನೆ.' ಸುಳ್ಳು ಒಂದೂ ಇಲ್ಲ ನೋಡಿ! ಇಪ್ಪತ್ತೆರಡು ವರ್ಷವನ್ನು ಮೊದಲೇ ಹೇಳಿ ಮುಗಿಸಿ, ಒಂದು ಮಧ್ಯಾಹ್ನದ ನಿದ್ದೆಯನ್ನು ಕೊನೆಗೆ ನಿಲ್ಲಿಸಿದ್ದ, ಅಷ್ಟೇ. ಓದಿದವರ ತಲೆಯಲ್ಲಿ ಉಳಿದದ್ದು ನಿದ್ದೆ. ಅವತ್ತಿನಿಂದ ಹುಲಿಯಪ್ಪ ಹರಿಹರದ ಮನೆಯಿಂದ ತಲೆಯೆತ್ತಿ ಹೊರಗೆ ಬಂದಿಲ್ಲ. ಮಗಳು ಸುನೀತಾಗೆ ಆ ವಾಕ್ಯ ಬಾಯಿಪಾಠ. ಬರೆದವನಿಗೂ ಒಂದು ದಿನ ಅದೇ ಸಂಕಟ ಗೊತ್ತಾಗಬೇಕು, ಕೊಟ್ಟವರು ಯಾರೆಂಬುದೂ ಗೊತ್ತಾಗಬೇಕು. ಇದೊಂದೇ ಅವಳ ಹಟ.

ಆರು ವರ್ಷದ ಮೇಲೆ ಪುಣ್ಯಾತ್ಮ ನಾಗರಾಜಪ್ಪ ತಾನಾಗಿಯೇ ಬಂದ, ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಅವಳು ಕೆಲಸ ಮಾಡುವ ಡಿಟಿಪಿ ಅಂಗಡಿಗೆ. ನಿವಾಸಿಗಳ ಸಂಘದ ಅಧ್ಯಕ್ಷಗಿರಿಗೆ ಮತ್ತೆ ನಿಂತಿದ್ದನಂತೆ, ಕರಪತ್ರ ಬೇಕಂತೆ.

"ಚೆಂದಾಗಿ ಬರೀತೀಯಂತಲ್ಲವ್ವ. ದೀಪ ಹಾಕ್ಸೀನಿ, ಚರಂಡಿ ಮಾಡ್ಸೀನಿ, ಪಾರ್ಕ್ ಐತೆ. ನೀರಿನ ಟ್ಯಾಂಕೊಂದು ಆಗ್ಲಿಲ್ಲ. ಬಿಟ್ರೆ ಜನ ಕೇಳ್ತಾರೆ, ಎಲ್ಲ್ಯಾರ ಒಂದ್ಕಡೆ ಸೇರ್ಸಿಬಿಡು."

"ಸೇರಿಸ್ತೀನ್ರಿ, ಕೂಡ್ರಿ" ಎಂದಳು ಸುನೀತಾ.

ದೀಪ, ಚರಂಡಿ, ಪಾರ್ಕು ಎಲ್ಲವನ್ನೂ ಒಂದೇ ಉದ್ದ ವಾಕ್ಯದೊಳಗೆ ತುರುಕಿದಳು; ಓದುವವರಿಗೆ ಉಸಿರು ಸಾಲಬಾರದು. ಅದರ ಕೆಳಗೆ, ಒಂಟಿಯಾಗಿ, ಮೂರೇ ಪದ: 'ಟ್ಯಾಂಕು ಮಾತ್ರ ಆಗಲಿಲ್ಲ.' ನಾಗರಾಜಪ್ಪ ತನ್ನ ಸಾಧನೆಗಳನ್ನು ಬೆರಳು ಮಡಚಿ ಎಣಿಸಿ, "ಎಲ್ಲಾ ಬಂದೈತೆ, ಭೇಷ್!" ಎಂದು ಸಹಿ ಹಾಕಿದ. ಅಯ್ಯೋ ಮಂಕೇ!

ವಾರದೊಳಗೆ ಬಡಾವಣೆಯವರ ಬಾಯಲ್ಲೆಲ್ಲ ಅವೇ ಮೂರು ಪದ. ಕೊಡ ಹಿಡಿದು ಸಾಲು ನಿಂತ ಹೆಂಗಸರು ಅದನ್ನೇ ಹೇಳಿ ಹೇಳಿ ನಕ್ಕರು. ನಾಗರಾಜಪ್ಪ ಹೀನಾಯವಾಗಿ ಸೋತ. ಮರುದಿನವೇ ಕರಪತ್ರ ಹಿಡಿದು ಅಂಗಡಿಗೆ ನುಗ್ಗಿದ.

"ಏನ್ ಬರ್ದ್ಯವ್ವ ನೀನು? ನನ್ ಮಾನ ತೆಗ್ದುಬಿಟ್ಟೆ!"

"ನೀವು ಹೇಳದಿರೋದು ಒಂದಾದ್ರೂ ಐತೇನ್ರಿ? ತೋರಿಸ್ರಿ."

ಅವನು ಎರಡು ಸಲ ಓದಿದ. ಒಂದೂ ಸಿಗಲಿಲ್ಲ. ಮುಖ ಕಪ್ಪಿಟ್ಟಿತು. ಆಹಾ, ಸುನೀತಾಗೆ ಹಬ್ಬದೂಟ ಉಂಡಷ್ಟು ತೃಪ್ತಿ! ಎದ್ದು ನಿಂತು, ಒಂದೊಂದೇ ಪದ ಬಿಡಿಸಿ ಹೇಳಿದಳು: "ನಾನು ವಾಚ್‌ಮನ್ ಹುಲಿಯಪ್ಪನ ಮಗಳು."

ನಾಗರಾಜಪ್ಪ ಹುಬ್ಬು ಗಂಟಿಕ್ಕಿ ಯೋಚಿಸಿದ. ನಾಟಕವಲ್ಲ, ನಿಜವಾಗಿಯೇ ಯೋಚಿಸಿದ.

"ಯಾವ ಹುಲಿಯಪ್ಪನವ್ವ?" ಎಂದು ಕೇಳಿದ.